ಏಳು ಗುಂಡಿಯ ಇಲಿ

ನಮ್ಮೂರಿನ ದೊಡ್ಡ ಬೀದಿಯಲ್ಲಿ ಪಡುವಣ ಸಾಲಿನ ಮನೆಗಳು ಕಟ್ಟಿದಲ್ಲೇ ಇರುತ್ತವೆ. ಮೂಡಣ ಸಾಲಿನ ಮೂವತ್ತಾರು ಮನೆಗಳು ಮಾತ್ರ ಪ್ರತಿ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಒಂದೊಂದು ಮನೆಯಷ್ಟು ತೆಂಕಲಿಗೆ ಸರಿಯುತ್ತವೆ. ತೆಂಕಣ ತುದಿಯಲ್ಲಿದ್ದ ಮನೆ ಆವತ್ತು ಬಡಗಣ ತುದಿಗೆ ಹೋಗಿ ನಿಲ್ಲುತ್ತದೆ. ಒಲೆಯ ಮೇಲೆ ಹಾಲಿಟ್ಟವರು ಉರಿ ಸಣ್ಣ ಮಾಡುತ್ತಾರೆ, ಏಣಿ ಹತ್ತಿದವರು ಇಳಿಯುತ್ತಾರೆ, ಅಷ್ಟೇ. ಹೊಸದಾಗಿ ಬಂದ ಸೊಸೆಯರಿಗೆ ಮೊದಮೊದಲು ತಲೆ ಸುತ್ತುವುದುಂಟು. ಅದನ್ನು ಅತ್ತೆಯರು ಬೇರೇನೋ ಎಂದು ತಿಳಿದು ಬೀದಿಗೆಲ್ಲ ಸಕ್ಕರೆ ಹಂಚಿ, ಆಮೇಲೆ ಮುಖ ಸಣ್ಣ ಮಾಡಿಕೊಂಡದ್ದೂ ಉಂಟು.

ಇದರಿಂದ ಅನುಕೂಲವೂ ಇದೆ. ಎದುರುಮನೆಯವರ ಜೊತೆಗಿನ ಜಗಳ ನಮ್ಮಲ್ಲಿ ಒಂದು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ. ಸೋಮವಾರ ಬಂತೆಂದರೆ ಎದುರಿಗೆ ಬೇರೆ ಮುಖ, ಬೇರೆ ರಂಗೋಲಿ. ಬಿಟ್ಟ ಜಗಳ ಮುಂದುವರಿಸಬೇಕೆಂದರೆ ಮೂವತ್ತಾರು ವಾರ ಕಾಯಬೇಕು, ಅಷ್ಟು ಹೊತ್ತಿಗೆ ಮೊದಲು ಬೈದವರು ಯಾರು ಎಂಬುದೇ ಮರೆತಿರುತ್ತದೆ. ಇನ್ನು ಬೀದಿಯ ತೆಂಕಣ ತುದಿಯಲ್ಲಿ, ಪಡುವಣ ಪಕ್ಕಕ್ಕೆ, ಬಸ್ ನಿಲ್ದಾಣವಿದೆ. ಅದರ ಎದುರಿಗೆ ಬಂದು ನಿಂತ ಮನೆಗೆ ಅದು ಬಸ್ಸಿನ ವಾರ. ಆ ವಾರ ಯಾರಾದರೂ ಸರಿ, ಜಗಲಿಯ ಮೇಲೆ ಮೇಜು ಹಾಕಿ ಏನಾದರೂ ಮಾರುತ್ತಾರೆ. ನಿವೃತ್ತ ಮೇಷ್ಟರೊಬ್ಬರು ಮಾರಲು ಏನೂ ಇಲ್ಲದೆ ಬುದ್ಧಿವಾದ ಮಾರಲು ಕೂತಿದ್ದರು. ಬಸ್ಸು ತಡವಾದ ದಿನ ಅದೂ ಖರ್ಚಾಯಿತು.

ಈ ಸಾಲನ್ನು ಸರಿಸುವವರು ನಮ್ಮ ಕಚೇರಿಯ ಚೆನ್ನಾಜಮ್ಮ. ನಾನು ಅದೇ ಕಚೇರಿಯಲ್ಲಿ ಟಪಾಲು ಗುಮಾಸ್ತ, ಅವರ ಪಕ್ಕದ ಮೇಜು ನನ್ನದು. ಮುಂದೆ ಹೇಳುವುದರಲ್ಲಿ ಅರ್ಧ ನಾನೇ ಕಣ್ಣಾರೆ ಕಂಡದ್ದು, ಉಳಿದರ್ಧ ಅವರೇ ಊಟದ ಹೊತ್ತಿನಲ್ಲಿ ಹೇಳಿದ್ದು. ಹತ್ತೊಂಬತ್ತು ವರ್ಷ ಸಾಲು ಸರಿಸುವ ಕಂಪ್ಯೂಟರಿನ ಮುಂದೆ ಕೂತ ಹೆಂಗಸು ಅವರು. ಐವತ್ತಾರು ವಯಸ್ಸು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಪಡುವಣ ಸಾಲಿನ ಮನೆಯಲ್ಲಿ ಅವರು ಮತ್ತು ಒಂದು ಬೆಕ್ಕು. ಅವರ ಹಳೆಯ ಮೌಸಿಗೆ ಎರಡೇ ಗುಂಡಿ, ಹೊಟ್ಟೆಯಲ್ಲೊಂದು ರಬ್ಬರ್ ಚೆಂಡು. ತಿಂಗಳಿಗೊಮ್ಮೆ ಆ ಚೆಂಡು ತೆಗೆದು, ಒಳಗೆ ಸೇರಿದ ಕೊಳೆಯನ್ನು ತಲೆಗೂದಲ ಪಿನ್ನಿನಿಂದ ಕೆರೆದು, ಊದಿ, ಮತ್ತೆ ಮುಚ್ಚುತ್ತಿದ್ದರು. ಒಂದು ಸಲ ಒತ್ತಿದರೆ ಒಂದು ಮನೆ. ಅವರು ಒತ್ತಿದರೆ ಗೂಡಿನ ದೀಪವೂ ಅಲುಗುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಮಧ್ಯಾಹ್ನ ಬಾಗಿಲು ತೆಗೆದ ಮೇಲೆಯೇ ತಾವು ಸರಿದದ್ದು ಗೊತ್ತಾಗುತ್ತಿತ್ತು. ಚೆನ್ನಾಜಮ್ಮನ ಕೈ ಎಂದರೆ ಬೀದಿಯಲ್ಲಿ ಸೂಲಗಿತ್ತಿಯ ಕೈಗಿದ್ದಷ್ಟೇ ಮರ್ಯಾದೆ.

ಆ ಕೈ ಒಂದೇ ಒಂದು ಸಲ ಕೆಟ್ಟದ್ದು ಹನ್ನೊಂದು ವರ್ಷದ ಹಿಂದೆ. ಅವರ ತಂಗಿ ಸರ್ವಮಂಗಳ ಇರುವುದು ಮೂಡಣ ಸಾಲಿನಲ್ಲಿ. ಉಪ್ಪಿನಕಾಯಿ ಹಾಕಿ ಮಾರುವುದೇ ಆಕೆಯ ಬದುಕು, ವರ್ಷದ ಮಾಲೆಲ್ಲ ಖಾಲಿಯಾಗುವುದು ಬಸ್ಸಿನ ವಾರದಲ್ಲಿ. ಆ ಸೋಮವಾರ ಸಾಲು ಒಂದು ಮನೆಯ ಬದಲು ಧಡಾರನೆ ಎರಡು ಮನೆ ಸರಿಯಿತು. ಅಟ್ಟದ ಮೇಲಿದ್ದ ನಲವತ್ತು ಜಾಡಿ ನೆಲಕ್ಕೆ ಬಿದ್ದವು. ಬೀದಿಯ ತುಂಬ ಒಂದು ವಾರ ಒಗ್ಗರಣೆಯ ವಾಸನೆ. ಅಕ್ಕ ಬೇಕೆಂದೇ ಮಾಡಿದಳು ಎಂದು ಸರ್ವಮಂಗಳ ನಾಲ್ಕು ಜನರ ಮುಂದೆ ಹೇಳಿದಳು. ಕಚೇರಿಯಿಂದ ಒಂದು ವರದಿ ಹೋಯಿತು, ಅದರಲ್ಲಿ ಮೌಸ್ ದೋಷ ಎಂದು ಬರೆದಿತ್ತು, ಕೆಳಗೆ ಚೆನ್ನಾಜಮ್ಮನ ಸಹಿ. ಅದರ ಪ್ರತಿಯನ್ನು ಸರ್ವಮಂಗಳನ ಮನೆಗೆ ಮುಟ್ಟಿಸಿದವನು ನಾನೇ. ಆಕೆ ಅದನ್ನು ನಿಂತಲ್ಲೇ ಓದಿ, ನಾಲ್ಕಾಗಿ ಮಡಿಸಿ, ಜಾಡಿಯ ಬಾಯಿಗೆ ಕಟ್ಟಿದಳು. ಅಲ್ಲಿಂದ ಅಕ್ಕತಂಗಿಯರು ಮಾತು ಬಿಟ್ಟರು. ಮೂವತ್ತಾರು ವಾರಕ್ಕೊಮ್ಮೆ ಇಬ್ಬರ ಮನೆ ಎದುರುಬದುರಾಗಿ ನಿಲ್ಲುತ್ತದಲ್ಲ, ಆ ವಾರ ಎರಡು ಬಾಗಿಲೂ ಮುಚ್ಚಿಯೇ ಇರುತ್ತಿದ್ದವು. ಹಾಲಿನವನು ಹಿತ್ತಿಲಿಗೆ ಹೋಗಿ ಹಾಲು ಕೊಡುತ್ತಿದ್ದ.

ಹೀಗಿರಲಾಗಿ ಈ ಬೇಸಗೆಯಲ್ಲಿ ಹಳೆಯ ಮೌಸು ಸತ್ತಿತು. ಮೇಲಿನ ಕಚೇರಿಯಿಂದ ಹೊಸದು ಬಂತು, ಕಪ್ಪಗೆ, ಅಂಗೈಗಿಂತ ದೊಡ್ಡದಾಗಿ, ಬಸುರಿ ಹೆಗ್ಗಣದ ಹಾಗೆ. ಅದಕ್ಕೆ ಏಳು ಗುಂಡಿ, ನೆತ್ತಿಯ ಮೇಲೊಂದು ಚಕ್ರ. ಜೊತೆಗೆ ಬಂದ ಪುಸ್ತಕ ಯಾವ ಭಾಷೆಯಲ್ಲಿತ್ತೆಂದು ನಮ್ಮ ಮುಖ್ಯಾಧಿಕಾರಿ ಇಂದುಧರರಿಗೂ ತಿಳಿಯಲಿಲ್ಲ. ಆದರೂ ಅವರು ಅದನ್ನು ಎರಡು ದಿನ ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ಗಣಪತಿಯ ವಾಹನವನ್ನು ಹಾಗೆಯೇ ಬಳಸಬಾರದೆಂದು ಪೂಜೆ ಮಾಡಿಸಿದರು. ಪುರೋಹಿತರು ಬೆನ್ನಿಗೂ ಹೊಟ್ಟೆಗೂ ಕುಂಕುಮ ಹಚ್ಚಿದರು. ಹೊಟ್ಟೆಯ ಕೆಂಪು ದೀಪಕ್ಕೆ ಕುಂಕುಮ ಮೆತ್ತಿ, ಮೌಸು ಮೂರು ದಿನ ಕುಡುಕನ ಹಾಗೆ ಅತ್ತಿತ್ತ ಓಲಾಡಿತು. ಚೆನ್ನಾಜಮ್ಮ ಪಿನ್ನು ಹಿಡಿದು ದೇವರ ಪ್ರಸಾದವನ್ನೆಲ್ಲ ಕೆರೆದು ತೆಗೆದರು.

ಮೊದಲ ಸೋಮವಾರ ನಡೆದದ್ದನ್ನು ಬೀದಿಯವರು ಇವತ್ತಿಗೂ ಕೈ ಸನ್ನೆ ಮಾಡಿಕೊಂಡು ಹೇಳುತ್ತಾರೆ. ಚೆನ್ನಾಜಮ್ಮ ಎಡಗುಂಡಿಯನ್ನು ಒತ್ತಿದರು, ಏನೂ ಆಗಲಿಲ್ಲ. ಬಲಗುಂಡಿ ಒತ್ತಿದರು, ಪರದೆಯ ಮೇಲೆ ಏನೋ ಪಟ್ಟಿ ಬಂದು ಹೋಯಿತು. ಹೆಬ್ಬೆರಳಿನ ಪಕ್ಕದ ಎರಡು ಗುಂಡಿ, ಕಿರುಬೆರಳಿನ ಪಕ್ಕದ ಒಂದು, ಯಾವುದಕ್ಕೂ ಸಾಲು ಜಗ್ಗಲಿಲ್ಲ. ಬೇಸರದಿಂದ ಚಕ್ರದ ಮೇಲೆ ಬೆರಳಿಟ್ಟು ಎಳೆದರು. ಮೂಡಣ ಸಾಲು ಹನ್ನೊಂದು ಮನೆ ದಾಟಿಕೊಂಡು ಹೋಯಿತು. ಹಿಂದಕ್ಕೆ ತರೋಣವೆಂದು ಗಾಬರಿಯಲ್ಲಿ ಇನ್ನೂ ಜೋರಾಗಿ ತಮ್ಮ ಕಡೆಗೇ ಎಳೆದರು, ಇನ್ನೂ ಎಂಟು ಮನೆ ಮುಂದೆ ಹೋಯಿತು. ಕ್ಷೌರಿಕ ವೆಂಕಟರವಣನ ಗಿರಾಕಿ ಅರ್ಧ ಮೀಸೆಯಲ್ಲಿ ಹೊರಗೆ ಬಂದು ನೋಡಿದರೆ ತನ್ನ ಸೈಕಲ್ಲು ಅರ್ಧ ಮೈಲಿ ಆಚೆ. ಎದುರುಮನೆಯ ಕಿಟಕಿಗೆ ಹಗ್ಗ ಕಟ್ಟಿ ಸೀರೆ ಒಣಹಾಕಿದ್ದವರ ಸೀರೆಯೆಲ್ಲ ಬೀದಿಯುದ್ದಕ್ಕೂ ತೋರಣವಾಯಿತು. ಕೊನೆಗೆ ಹಿಂದೆ ಬರುವ ದಾರಿ ತಿಳಿಯದೆ, ಮುಂದಕ್ಕೇ ಪೂರ್ತಿ ಒಂದು ಸುತ್ತು ಹೊಡೆಸಿ ಸಾಲನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿದರು. ಮುದುಕರು ಕೆಲವರು ಇದೊಂದು ಯಾತ್ರೆಯಾಯಿತೆಂದು ಖುಷಿಪಟ್ಟರು. ಉಳಿದವರು ಕಚೇರಿಗೆ ಬಂದು, ಚೆನ್ನಾಜಮ್ಮನಿಗೆ ವಯಸ್ಸಾಯಿತು, ಕುರ್ಚಿಗೆ ಬೇರೆಯವರನ್ನು ನೋಡಿ ಎಂದು ಇಂದುಧರರ ಕಿವಿಯಲ್ಲಿ ಹೇಳಿ ಹೋದರು. ಕಿವಿಯಲ್ಲಿ ಹೇಳಿದ್ದು ಚೆನ್ನಾಜಮ್ಮನಿಗೂ ಕೇಳಿಸಿತು.

ಅವರು ಸಂಜೆ ಮೌಸಿನ ತಂತಿ ಬಿಚ್ಚಿ, ಊಟದ ಚೀಲದಲ್ಲಿ ಹಾಕಿಕೊಂಡು ಮನೆಗೆ ನಡೆದರು. ಚೀಲದಿಂದ ಅದರ ಬಾಲ ಜೋತಾಡುತ್ತಿತ್ತು. ಮನೆಯಲ್ಲಿ ನೆಲದ ಮೇಲೆ ಮಣೆ ಹಾಕಿ, ಅದರ ಮೇಲೆ ಮೌಸಿಟ್ಟು ಅಭ್ಯಾಸಕ್ಕೆ ಕೂತರು. ಬೆಕ್ಕು ಒಮ್ಮೆ ಬಂದು ಮೂಸಿ, ಇದೆಂಥ ಇಲಿ ಎಂಬಂತೆ ನೋಡಿ, ಮತ್ತೆ ಹೋಗಿ ಮಲಗಿತು. ಚಕ್ರವನ್ನು ಕಿವಿಗೆ ಹತ್ತಿರ ಹಿಡಿದು ತಿರುಗಿಸಿದಾಗ ಅವರಿಗೊಂದು ಗುಟ್ಟು ಸಿಕ್ಕಿತು. ಅದು ನುಣ್ಣಗೆ ತಿರುಗುವುದಿಲ್ಲ, ಹಲ್ಲಿನಿಂದ ಹಲ್ಲಿಗೆ ಟಿಕ್ ಟಿಕ್ ಎಂದು ದಾಟುತ್ತದೆ. ಒಂದು ಟಿಕ್ಕಿಗೆ ಒಂದು ಮನೆ. ತಮ್ಮ ಕಡೆಗೆ ಎಳೆದಾಗ ತೆಂಕಲಿಗೆ ಹೋದದ್ದನ್ನು ಸೋಮವಾರ ಕಂಡಿದ್ದರು, ಹಾಗಾದರೆ ಆಚೆಗೆ ನೂಕಿದರೆ ಬಡಗಲಿಗೆ. ಬೆರಳಿನ ತುದಿಯಿಂದ ಒತ್ತಿದರೆ ಹಲ್ಲು ಜಾರುತ್ತದೆ, ಹೂಬತ್ತಿ ಹೊಸೆಯುವಾಗ ಹೇಗೆ ಬೆರಳಿನ ಹೊಟ್ಟೆಯನ್ನು ಮಾತ್ರ ತಾಗಿಸುತ್ತೇವೋ ಹಾಗೆ ತಾಗಿಸಿದರೆ ನಿಲ್ಲುತ್ತದೆ. ಆ ವಾರ ಪೂರ್ತಿ ಅವರು ಹಾಗೆ ಹೊಸೆದರು. ಬಸ್ಸಿನಲ್ಲಿ ಕೂತಾಗಲೂ ಬೆರಳು ಗಾಳಿಯಲ್ಲಿ ಆಡುತ್ತಿತ್ತು, ಪಕ್ಕದವರು ಜಪ ಎಂದುಕೊಂಡರು.

ಇಷ್ಟು ಶ್ರದ್ಧೆಗೆ ಕಾರಣವಿತ್ತು, ಅದನ್ನು ಅವರು ನನಗೆ ಆಮೇಲೆ ಹೇಳಿದರು. ಎರಡನೆಯ ಸೋಮವಾರಕ್ಕೆ ಬಸ್ಸಿನ ವಾರ ಸರ್ವಮಂಗಳನದಾಗಿತ್ತು. ಹನ್ನೊಂದು ವರ್ಷದಿಂದ ಆಕೆ ಸೋಮವಾರ ಬಂತೆಂದರೆ ಜಾಡಿಗಳನ್ನೆಲ್ಲ ನೆಲಕ್ಕಿಳಿಸಿ ಹುಲ್ಲಿನಲ್ಲಿ ಹುದುಗಿಸುತ್ತಿದ್ದಳು. ಬಸ್ಸಿನ ವಾರ ಶುರುವಾಗುವ ದಿನ ಮಾತ್ರ ಹಾಗೆ ಮಾಡುವಂತಿರಲಿಲ್ಲ, ಹತ್ತೂಕಾಲರ ಬಸ್ಸಿಗೆ ಮಾಲು ಜಗಲಿಯ ಮೇಲೆ ಸಿದ್ಧವಿರಬೇಕು. ಆವತ್ತು ಎಂಟು ಗಂಟೆಗೇ ಮೇಜಿನ ಮೇಲೆ ಜಾಡಿಯ ಮೇಲೆ ಜಾಡಿ ಪೇರಿಸಿ, ತಾನು ಕಂಬಕ್ಕೆ ಒರಗಿ ಕೂತಿದ್ದಳು. ಚೆನ್ನಾಜಮ್ಮ ಕಚೇರಿಗೆ ಬರುವಾಗ ಅದನ್ನು ಓರೆಗಣ್ಣಿನಲ್ಲಿ ನೋಡಿಕೊಂಡೇ ಬಂದರು.

ಹತ್ತು ಹೊಡೆಯಿತು. ಅವರು ಉಸಿರು ಬಿಗಿಹಿಡಿದು ಚಕ್ರದ ಮೇಲೆ ಬೆರಳಿಟ್ಟರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಟಿಕ್ ಎಂದಿತು. ಆ ಕ್ಷಣ ಅವರ ಕಣ್ಣು ಪರದೆ ಬಿಟ್ಟು ಕಿಟಕಿಯ ಕಡೆಗೆ, ಆ ಜಾಡಿಗಳ ಕಡೆಗೆ ಹೋಯಿತು. ಬೆರಳು ಜಾರಿತು. ಟಿಕ್, ಟಿಕ್. ಸರ್ವಮಂಗಳನ ಮನೆ ಬಸ್ ನಿಲ್ದಾಣದ ಎದುರು ಬಂದು, ನಿಲ್ಲದೆ, ಮರುಗಳಿಗೆಯಲ್ಲಿ ಬಡಗಣ ತುದಿಗೆ ಹಾರಿ, ಇನ್ನೂ ಒಂದು ಮನೆ ಮುಂದೆ ಹೋಗಿ ನಿಂತಿತು. ಜಾಡಿಗಳು ಒಂದೂ ಒಡೆಯಲಿಲ್ಲ, ಅದು ನಿಜ. ಆದರೆ ಬಸ್ಸಿನ ವಾರ ಕೈತಪ್ಪಿತ್ತು. ಇನ್ನು ಆ ತಾಣಕ್ಕೆ ಬರಬೇಕೆಂದರೆ ಮೂವತ್ತನಾಲ್ಕು ವಾರ. ಮಾವಿನಕಾಯಿ ಅಲ್ಲಿಯವರೆಗೆ ಕಾಯುತ್ತದೆಯೇ, ಹೊಟ್ಟೆ ಕಾಯುತ್ತದೆಯೇ.

ಬಸ್ ನಿಲ್ದಾಣದ ಎದುರಿಗೆ ಈಗ ಬಂದು ನಿಂತಿದ್ದುದು ನಮ್ಮ ಇಂದುಧರರ ಮಾವನ ಮನೆ. ಮಾವ ಚುರುಕಿನ ಮನುಷ್ಯ. ಮನೆ ನಿಂತ ಐದು ನಿಮಿಷದಲ್ಲಿ ಸೋಡಾ ಬಾಟಲಿಗಳ ಪೆಟ್ಟಿಗೆ ಹೊರಗೆ ತಂದಿಟ್ಟ. ಇಂದುಧರರು ಅದನ್ನು ಕಿಟಕಿಯಿಂದ ನೋಡಿ, ಗಂಟಲು ಸರಿಮಾಡಿಕೊಂಡು, ಇದು ಮೌಸಿನದೇ ದೋಷ, ಸಂದೇಹವೇ ಇಲ್ಲ ಎಂದರು. ಮೇಲಿನವರಿಗೆ ವರದಿ ಕಳಿಸೋಣ, ಉತ್ತರ ಬರುವತನಕ ಯಾರೂ ಚಕ್ರ ಮುಟ್ಟಬಾರದು ಎಂದರು. ವರದಿಯನ್ನು ತಾವೇ ಕೂತು ಬರೆದು ಚೆನ್ನಾಜಮ್ಮನ ಮೇಜಿನ ಮೇಲಿಟ್ಟು ಒಳಗೆ ಹೋದರು. ಸಾಲನ್ನು ಸರಿಸಲು ನಿಯಮದಲ್ಲಿ ಅವಕಾಶವಿದ್ದುದು ಸೋಮವಾರ ಹನ್ನೆರಡರವರೆಗೆ ಮಾತ್ರ. ಆ ಮೇಲೆ ಬ್ರಹ್ಮ ಬಂದರೂ ಮುಂದಿನ ಸೋಮವಾರವೇ.

ಹನ್ನೊಂದೂಕಾಲಿಗೆ ಸರ್ವಮಂಗಳ ಬಂದಳು. ಬೀದಿಯ ಆ ತುದಿಯಿಂದ ಬಿಸಿಲಿನಲ್ಲಿ ನಡೆದು ಬಂದಿದ್ದಳು. ಅಕ್ಕನಿಂದ ಎರಡು ಮಾರು ದೂರದಲ್ಲಿ ನಿಂತು, ನನ್ನ ಕಡೆಗೆ ತಿರುಗಿ, ಈ ಮೇಡಂ ಅವರಿಗೆ ನನ್ನ ಮನೆಯ ಮೇಲೆ ಇನ್ನೇನು ಹಗೆ ಉಳಿದಿದೆ ಎಂದು ಕೇಳಿ ಎಂದಳು. ನಾನು ಕೇಳಿದೆ. ಚೆನ್ನಾಜಮ್ಮ ನನ್ನನ್ನೇ ನೋಡುತ್ತ, ಹಗೆ ಏನೂ ಇಲ್ಲವೆಂದು ಹೇಳಿ ಎಂದರು. ನಾನು ಹೇಳಿದೆ. ಹೀಗೆ ನಾಲ್ಕೈದು ಮಾತು ನನ್ನ ಮೂಲಕ ಟಪಾಲಾಗಿ ಹೋಗಿ ಬಂದವು. ಹತ್ತಿರದಲ್ಲೇ ಇರುವ ಇಬ್ಬರ ನಡುವೆ ಕಾಗದ ಹಂಚುವ ಕೆಲಸ ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಆಕೆಯ ಕಣ್ಣಿಗೆ ಮೇಜಿನ ಮೇಲಿನ ವರದಿ ಬಿತ್ತು. ಆಕೆ ಬಗ್ಗಿ ಮೊದಲ ಸಾಲು ಓದಿದಳು. ಆಮೇಲೆ ನಾನು ಅಲ್ಲಿರುವುದನ್ನೇ ಮರೆತಳು.

“ಅವತ್ತೂ ಇಲಿ, ಇವತ್ತೂ ಇಲಿ,” ಎಂದಳು. “ನಿನ್ನ ಬೆರಳು ಮಾತ್ರ ಯಾವತ್ತೂ ಸಾಚಾ.”

ಚೆನ್ನಾಜಮ್ಮ ಮೌಸಿನ ಮೇಲಿದ್ದ ಕೈಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

“ಇವತ್ತಿಂದು ಕೈ ತಪ್ಪಿದ್ದು, ಮಂಗಳಿ,” ಎಂದರು. “ನಿನ್ನ ಮನೆ ಮೆಲ್ಲಗೆ ಕೂರಲಿ ಅಂತ ಆ ಕಡೆ ನೋಡಿದೆ, ಬೆರಳು ಜಾರ್ತು. ನಂಬಿದ್ರೆ ನಂಬು, ಬಿಟ್ರೆ ಬಿಡು.” ಮುಂದುವರಿಸಿ ಅಂದರು, “ಅವತ್ತಿಂದು ಕೈ ತಪ್ಪಿದ್ದಲ್ಲ. ಅಮ್ಮನ ಈಳಿಗೆ ಮಣೆ ನೀನು ಎತ್ಕೊಂಡು ಹೋಗಿದ್ದೆ, ನಂಗೆ ಸಿಟ್ಟಿತ್ತು. ಬೇಕಂತಲೇ ಎರಡು ಸಲ ಒತ್ತಿದೆ. ಜಾಡಿ ಒಡೀಲಿ ಅಂತ ಅಲ್ಲ, ನೀನು ಬೆಚ್ಚಿ ಬೀಳಲಿ ಅಂತ. ಆಮೇಲೆ ಇಲಿ ಮೇಲೆ ಹೇಳಿ ಸಹಿ ಹಾಕಿದೆ.”

ಅವರು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಎದ್ದು ನೀರು ತರಲು ಹೋಗಬಹುದಿತ್ತು. ಅವರು ಅಳಲಿಲ್ಲ. ತೂಕದ ಕಲ್ಲಿನ ಹಾಗೆ ಕೂತಿದ್ದರು. ಸರ್ವಮಂಗಳನ ಮುಖದ ಮೇಲೆ ಏನೇನೋ ಬಂದು ಹೋಯಿತು. ಬೈಯಲು ಬಾಯಿ ತೆರೆದಳು, ಹನ್ನೊಂದು ವರ್ಷದಿಂದ ಕೂಡಿಟ್ಟ ಬೈಗುಳದಲ್ಲಿ ಯಾವುದನ್ನು ಮೊದಲು ತೆಗೆಯಬೇಕೆಂದು ತಿಳಿಯದೆ ಮುಚ್ಚಿದಳು.

“ಇಷ್ಟು ಹೇಳೋಕೆ ಹನ್ನೊಂದು ವರ್ಷ ಬೇಕಾಯ್ತಾ ನಿಂಗೆ,” ಎಂದಳು ಕೊನೆಗೆ. “ನಮ್ಮ ನಿಂಬೆಕಾಯಿ ಇದಕ್ಕಿಂತ ಬೇಗ ನೀರು ಬಿಡುತ್ತೆ.”

ಹಾಗೆಂದು ನನ್ನ ಮೇಜಿನ ಮುಂದಿನ ಸ್ಟೂಲನ್ನು ಎಳೆದು ಅಕ್ಕನ ಪಕ್ಕಕ್ಕೆ ಹಾಕಿಕೊಂಡು ಕೂತಳು. ಚೆನ್ನಾಜಮ್ಮ ಗಡಿಯಾರ ನೋಡಿ ಮತ್ತೆ ಮೌಸಿನ ಕಡೆ ನೋಡಿದ್ದೇ, ಅವರು ಸಾಲನ್ನು ಹಿಂದಕ್ಕೆ ತರಲಿದ್ದಾರೆಂದು ನನಗೆ ಗೊತ್ತಾಯಿತು. ಮನೆಗೆ ಹೋಗಿ ಜಾಡಿಗಳನ್ನು ಇಳಿಸಿಕೊಳ್ಳಿ, ಸಾಲು ಹಿಂದಕ್ಕೆ ಬರುವಾಗ ಏನಾಗುತ್ತದೋ ಎಂದು ನಾನು ಹೇಳಿ ನೋಡಿದೆ. ಆಕೆ ಏಳಲಿಲ್ಲ. ಈ ಸಾರಿ ಒಡೆದರೆ ಯಾರ ಬೆರಳು ಎಂದು ಎದುರಿಗೇ ಕೂತು ನೋಡಿರುತ್ತೇನೆ, ವರದಿಯಲ್ಲಿ ಓದುವುದು ಬೇಡ ಎಂದಳು.

ಚೆನ್ನಾಜಮ್ಮ ಪೆನ್ನು ತೆಗೆದು ವರದಿಯಲ್ಲಿದ್ದ ‘ಮೌಸ್ ದೋಷ’ವನ್ನು ಹೊಡೆದುಹಾಕಿ, ಮೇಲೆ ದುಂಡಗೆ ‘ಬೆರಳಿನ ದೋಷ’ ಎಂದು ಬರೆದು ಸಹಿ ಹಾಕಿದರು. ಸದ್ದಾಯಿತೆಂದು ಹೊರಗೆ ಬಂದ ಇಂದುಧರರು ಅದನ್ನು ಓದಿ ಬೆವರಿದರು. ಬೆರಳು ಎಂದು ಬರೆದರೆ ನಿಮ್ಮನ್ನು ಈ ಕುರ್ಚಿಯಲ್ಲಿ ಇಡಲಾಗುವುದಿಲ್ಲ, ಯೋಚಿಸಿ ಮೇಡಂ ಎಂದು ಮೆತ್ತಗೆ ಹೇಳಿದರು. ಅವರ ಒಂದು ಕಣ್ಣು ಕಿಟಕಿಯ ಆಚೆ, ಮಾವನ ಸೋಡಾ ಪೆಟ್ಟಿಗೆಯ ಮೇಲೇ ಇತ್ತು.

“ಇಡಬೇಡಿ ಸಾರ್,” ಎಂದರು ಚೆನ್ನಾಜಮ್ಮ. “ಹನ್ನೆರಡಕ್ಕೆ ಎದ್ದು ಹೋಗ್ತೀನಿ. ಅಲ್ಲೀವರೆಗೆ ಕೂತಿರ್ತೀನಿ.”

ಗಡಿಯಾರದಲ್ಲಿ ಹನ್ನೊಂದು ಐವತ್ತು. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು ಮೌಸಿನ ಮೇಲಿಟ್ಟರು. ಕಿಟಕಿಯ ಕಡೆ ನೋಡಲಿಲ್ಲ, ತಂಗಿಯ ಕಡೆಯೂ ನೋಡಲಿಲ್ಲ. ಬೆರಳಿನ ಹೊಟ್ಟೆಯನ್ನು ಮಾತ್ರ ತಾಗಿಸಿ, ಚಕ್ರವನ್ನು ಆಚೆಗೆ ನೂಕಿದರು. ಟಿಕ್. ಬೀದಿಯಲ್ಲಿ ಯಾರೋ ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸಿದಷ್ಟು ಸದ್ದು. ಬೆರಳನ್ನು ಎತ್ತಿದರು, ಉಸಿರು ಬಿಟ್ಟರು, ಮತ್ತೆ ಇಟ್ಟರು. ಟಿಕ್. ಸರ್ವಮಂಗಳ ಅಕ್ಕನ ಬೆರಳನ್ನು ಎಷ್ಟು ಹತ್ತಿರದಿಂದ ನೋಡುತ್ತಿದ್ದಳೆಂದರೆ ಆಕೆಯ ಮೂಗುತಿ ಮೌಸಿಗೆ ತಾಗುವಂತಿತ್ತು. ನಾನು ಕಿಟಕಿಗೆ ಓಡಿದೆ. ತೆಂಕಣ ತುದಿಯಲ್ಲಿ, ಬಸ್ ನಿಲ್ದಾಣಕ್ಕೆ ನೇರ ಎದುರಾಗಿ, ಆಕೆಯ ಜಗಲಿ. ಜಾಡಿಗಳು ಪೇರಿಸಿದ ಹಾಗೆಯೇ ಬಿಸಿಲಿಗೆ ಮಿನುಗುತ್ತಿದ್ದವು. ಇಂದುಧರರ ಮಾವ ಗಿರಾಕಿಯ ಲೋಟಕ್ಕೆ ಸೋಡಾ ಸುರಿಯುತ್ತಿದ್ದವನು ಬಾಟಲಿಯ ಸಮೇತ ಎರಡು ಮನೆ ಬಡಗಲಿಗೆ ಹೋಗಿದ್ದ. ಲೋಟ ಹಿಡಿದ ಗಿರಾಕಿ ಅಲ್ಲೇ ಉಳಿದಿದ್ದ. ಇಂದುಧರರು ಆ ತಿಂಗಳು ಮಾವನ ಮನೆಗೆ ಊಟಕ್ಕೆ ಹೋಗಲಿಲ್ಲ.

ಹನ್ನೆರಡಕ್ಕೆ ಚೆನ್ನಾಜಮ್ಮ ಹೇಳಿದಂತೆ ಎದ್ದರು. ಆ ವಾರಕ್ಕೆ ರಜೆ ಬರೆದುಕೊಟ್ಟು ಹೋದರು. ವರದಿಯನ್ನು ನಾನು ಮೇಲಕ್ಕೆ ಕಳಿಸಿದೆ. ಎರಡು ತಿಂಗಳ ಮೇಲೆ ಉತ್ತರ ಬಂತು. ದೋಷಯುಕ್ತ ಭಾಗವನ್ನು ಕೂಡಲೇ ಬಿಚ್ಚಿ, ರಿಜಿಸ್ಟರ್ಡ್ ಪಾರ್ಸೆಲ್ಲಿನಲ್ಲಿ ಕಳಿಸಿಕೊಟ್ಟರೆ ಹೊಸದನ್ನು ಒದಗಿಸಲಾಗುವುದು ಎಂದಿತ್ತು. ಇಂದುಧರರು ಅದನ್ನು ಮೂರು ಸಲ ಓದಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ನಾಲ್ಕಾಗಿ ಮಡಿಸಿ ಕಪಾಟಿನ ಕಾಲಿಗೆ ಕೊಟ್ಟೆ, ಅದು ಬಹಳ ದಿನದಿಂದ ಕುಂಟುತ್ತಿತ್ತು. ಬೇರೆ ಆದೇಶ ಬರದ ಕಾರಣ ಆ ಕುರ್ಚಿಯಲ್ಲಿ ಇವತ್ತಿಗೂ ಚೆನ್ನಾಜಮ್ಮನೇ ಕೂರುತ್ತಾರೆ. ಉಳಿದೆರಡು ಗುಂಡಿಗಳು ಏತಕ್ಕೆಂದು ಯಾರೂ ಕೇಳಿಲ್ಲ, ಅವರೂ ಒತ್ತಿಲ್ಲ.

ಆದರೆ ಬಸ್ಸಿನ ಆ ವಾರದ್ದನ್ನು ಹೇಳದೆ ಬಿಟ್ಟರೆ ಬೀದಿಯವರು ನನ್ನನ್ನು ಒಪ್ಪುವುದಿಲ್ಲ. ರಜೆ ಹಾಕಿದ ಚೆನ್ನಾಜಮ್ಮ ಮಂಗಳವಾರ ಬೆಳಿಗ್ಗೆ ತಂಗಿಯ ಜಗಲಿಗೆ ಹೋಗಿ ಮೇಜಿನ ಹಿಂದೆ ಕೂತರು. ಏಳೂವರೆಗೆ ಶುರುವಾಯಿತು. ನಿಂಬೆಕಾಯಿಯನ್ನು ನಾಲ್ಕು ಹೋಳು ಮಾಡಬೇಕೋ ಎಂಟು ಮಾಡಬೇಕೋ ಎಂಬಲ್ಲಿಂದ ಎದ್ದ ಜಗಳ, ಮೆಂತ್ಯ ಹುರಿಯುವುದಕ್ಕೆ ಹೋಗಿ, ಅಲ್ಲಿಂದ ಸತ್ತ ಸೋದರತ್ತೆಯ ಮದುವೆಯಲ್ಲಿ ಯಾರು ಯಾರ ಸೀರೆ ಉಟ್ಟಿದ್ದರು ಎಂಬಲ್ಲಿಗೆ ಹೋಯಿತು. ಬಾಕಿ ಹನ್ನೊಂದು ವರ್ಷವನ್ನು ಅವರು ಒಂದು ವಾರದಲ್ಲಿ ಆಡಿ ಮುಗಿಸಬೇಕಿತ್ತು, ಇಬ್ಬರೂ ಉಸಿರು ತೆಗೆದುಕೊಳ್ಳಲಿಲ್ಲ. ಜನ ಉಪ್ಪಿನಕಾಯಿ ಕೊಳ್ಳುವ ನೆಪದಲ್ಲಿ ನಿಂತು ಕೇಳಿದರು. ಕೇಳುತ್ತ ನಿಂತು ಬಸ್ಸು ತಪ್ಪಿಸಿಕೊಂಡರು, ಮುಂದಿನ ಬಸ್ಸಿಗೆ ಕಾಯುತ್ತ ಇನ್ನೂ ಒಂದು ಜಾಡಿ ಕೊಂಡರು.

ಗುರುವಾರ ಹತ್ತೂಕಾಲರ ಬಸ್ಸಿನ ಡ್ರೈವರ್ ಕೂಡ ಇಳಿದು ಬಂದ. ಪಾಪ, ಹೊರ ಊರಿನವನು. ಯಾರದು ಸರಿ ಎಂದು ಅಕ್ಕ ಕೇಳಿದರು, ರುಚಿ ನೋಡಿ ನೀವೇ ಹೇಳಿ ಎಂದು ತಂಗಿ ಎರಡು ಹೋಳು ಅಂಗೈ ಮೇಲೆ ಹಾಕಿದಳು, ಒಂದು ನಾಲ್ಕರದು, ಒಂದು ಎಂಟರದು. ಅವನು ಕಣ್ಣು ಮುಚ್ಚಿ ಎರಡನ್ನೂ ಚೀಪಿದ. ನ್ಯಾಯವಾಗಿ ಹೇಳಬೇಕೆಂದು ಅವನಿಗೆ ಅನ್ನಿಸಿರಬೇಕು. ಬೇಜಾರು ಮಾಡ್ಕೋಬೇಡಿ ಅಮ್ಮ, ಎರಡಕ್ಕೂ ಉಪ್ಪು ಕಮ್ಮಿ ಎಂದ.

ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೆ ಅವನ ಕಡೆಗೆ ತಿರುಗಿದರು. ಅವನು ಓಡಿ ಹೋಗಿ ಬಸ್ಸು ಹತ್ತಿದ, ಹತ್ತಿದವನೇ ಹೊರಡಿಸಿದ. ಬಸ್ಸು ತಿರುವು ದಾಟುವವರೆಗೂ ಅವರಿಬ್ಬರ ದನಿ ಒಂದೇ ಗಂಟಲಿನಿಂದ ಬಂದ ಹಾಗೆ ಅದರ ಹಿಂದೆಯೇ ಹೋಗುತ್ತಿತ್ತು.